ಕಾಗದದ ಅಡಿಯಲ್ಲಿದ್ದ ವಿಳಾಸ

ಅವರು ನನ್ನ ಅಂಗಡಿಗೆ ಬಂದಾಗ ನಾನು ಜೆರಾಕ್ಸ್ ಮಿಷನ್ನಿನ ಹೊಟ್ಟೆಯೊಳಗೆ ಕೈ ಹಾಕಿ, ಸಿಕ್ಕಿಕೊಂಡಿದ್ದ ಯಾರದೋ ಪಹಣಿಯನ್ನು ಎಳೆಯುತ್ತಾ, ಮಿಷನ್ನಿಗೂ ಅದನ್ನು ನನಗೆ ಮಾರಿದವನಿಗೂ ಸೇರಿಸಿ ಬೈಯುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ನನ್ನ ಬೈಗುಳ ಮುಗಿಯುವವರೆಗೆ ಕಾದರು. ಬಿಳಿ ಅಂಗಿ, ಕೊರಳಲ್ಲಿ ಅಳತೆ ಪಟ್ಟಿ ನೇತಾಡಿ ನೇತಾಡಿ ಕಾಲರಿನ ಹತ್ತಿರ ಸವೆದ ಗುರುತು. ಟೈಲರ್ ಎಂದು ಅಂದುಕೊಂಡೆ. ಹೌದು, ತಿಪಟೂರಿನ ಕಡೆಯ ಟೈಲರೇ.

"ದೋಣಿಗಲ್ ಹತ್ರದ ಹೋಮ್‌ಸ್ಟೇ ವೆಬ್‌ಸೈಟ್ ನೋಡ್ಕೊಳ್ಳೋರು ನೀವೇನಾ ಮೇಡಂ?"

"ಹೌದು. ರೂಮ್ ಬೇಕಿತ್ತಾ?"

"ರೂಮ್ ಬ್ಯಾಡ. ನಮ್ಮ ಹುಡುಗ ಬಂದಿದ್ದ ಅಲ್ಲಿಗೆ. ರೈಲು ಸೇತುವೆ ಮ್ಯಾಲೆ ತೀರ್ಕೊಂಡ್ನಲ್ಲ, ಅವ್ನು."

ಸಕಲೇಶಪುರದಲ್ಲಿ ಆ ಸಾವಿನ ಸುದ್ದಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ನಾಲ್ಕಾರು ಜನ ಕಾಲೇಜು ಹುಡುಗರು ಘಾಟಿಯ ರೈಲು ಹಳಿಯ ಮೇಲೆ ನಡೆಯಲು ಹೋಗಿದ್ದರು. ಸೇತುವೆಯ ನಡುವೆ ಇರುವಾಗ ಸುರಂಗದ ಬಾಯಿಂದ ಗೂಡ್ಸ್ ಬಂತು. ಉಳಿದವರು ಓಡಿ ದಡ ಸೇರಿದರು. ಹಿಂದೆ ಉಳಿದ ಒಬ್ಬ ಕೆಳಗಿನ ಕಲ್ಲುಗಳ ಮೇಲೆ ಬಿದ್ದ. ಆ ಒಬ್ಬನ ತಂದೆ ಈಗ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ನೀರು ಕೊಟ್ಟೆ. ಕುಡಿಯಲಿಲ್ಲ.

ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಅದರೊಳಗಿನ ಕಾಗದವನ್ನು ಕೌಂಟರಿನ ಮೇಲೆ ಬಿಡಿಸಿದರು. ನಾಲ್ಕು ಮಡಿಕೆಯ ಪ್ರಿಂಟ್‌ಔಟ್. ಅದು ಆ ಹೋಮ್‌ಸ್ಟೇ ನಡೆಸುವ ಗೌಡರ ವೆಬ್‌ಸೈಟಿನ ಪುಟ ಎಂದು ನೋಡುತ್ತಲೇ ಗೊತ್ತಾಯಿತು. 'ರೈಲು ಹಳಿ ಚಾರಣ, ಸಕಲೇಶಪುರ' ಎಂದು ಇಂಗ್ಲಿಷಿನಲ್ಲಿ ತಲೆಬರಹ. ಅದರ ಕೆಳಗೆ, ಈ ಹಳಿಗಳ ಮೇಲೆ ಈಗ ಯಾವ ರೈಲೂ ಓಡುವುದಿಲ್ಲ, ಸೇತುವೆ ಸುರಂಗಗಳನ್ನು ನಿಶ್ಚಿಂತೆಯಿಂದ ನಡೆದು ದಾಟಬಹುದು ಎಂಬ ಒಕ್ಕಣೆ.

"ಮಗನ ಬ್ಯಾಗಲ್ಲಿತ್ತು. ಮಗಳ ಕೈಲಿ ಓದಿಸ್ಕೊಂಡೆ. ಯಾರನ್ನೂ ಬಯ್ಯಕ್ಕೆ ಬಂದಿಲ್ಲ ನಾನು. ಇದನ್ನ ತೆಗೀರಿ ಅಷ್ಟೇ. ಇನ್ನೊಬ್ರ ಮನೆ ಹುಡುಗ ಇದನ್ನ ಓದಿ ಆ ಸೇತುವೆ ಹತ್ತಬಾರ್ದು."

ಈ ಮಾತು ಅರ್ಥವಾಗಬೇಕಾದರೆ ಆ ಹಳಿಯ ಕಥೆ ಸ್ವಲ್ಪ ಹೇಳಬೇಕು. ಮೀಟರ್‌ಗೇಜ್ ತೆಗೆದು ಬ್ರಾಡ್‌ಗೇಜ್ ಮಾಡುವ ಕೆಲಸಕ್ಕೆಂದು ಘಾಟಿಯ ರೈಲು ನಿಂತುಹೋಗಿ ಎಷ್ಟೋ ವರ್ಷವಾಗಿತ್ತು. ರೈಲಿಲ್ಲದ ಆ ದಾರಿಯಲ್ಲಿ ಕಾಡು, ಜಲಪಾತ, ಸುರಂಗ ನೋಡುತ್ತಾ ನಡೆಯಲು ಜನ ಬರತೊಡಗಿದರು. ದೋಣಿಗಲ್ಲಿನಿಂದ ಸ್ವಲ್ಪ ಒಳಗೆ ಕಾಫಿ ಎಸ್ಟೇಟ್ ಇರುವ ಗೌಡರು ಮನೆಯ ಪಕ್ಕದ ಹಳೇ ಸ್ಟೋರನ್ನು ರೂಮು ಮಾಡಿ ಹೋಮ್‌ಸ್ಟೇ ತೆರೆದರು. ಹಾಸನದಲ್ಲಿ ವೆಬ್‌ಸೈಟು ಮಾಡಿಕೊಡುತ್ತಿದ್ದವರೊಬ್ಬರು ಅವರಿಗೆ ಸೈಟು ಕಟ್ಟಿಕೊಟ್ಟರು. ಆ ಪುಟ ಆಗಿನದು. ಆಗ ಅದು ನಿಜವೇ ಆಗಿತ್ತು. ಆಮೇಲೆ ಹಾಸನದವರು ಆ ಕೆಲಸವನ್ನೇ ಬಿಟ್ಟದ್ದರಿಂದ ಸೈಟು ನನ್ನ ಕೈಗೆ ಬಂತು. ಘಾಟಿಯಲ್ಲಿ ಗೂಡ್ಸ್ ಶುರುವಾಗುತ್ತದೆ ಎಂದಾಗ ಗೌಡರೇ ಬೆಳ್ಳಂಬೆಳಗ್ಗೆ ಫೋನ್ ಮಾಡಿ, "ಅದನ್ನ ತಿದ್ದಮ್ಮ ಮೊದ್ಲು, ಗಾಡಿ ಬಿಡ್ತಾರಂತೆ" ಎಂದಿದ್ದರು. ನಾನು ಅವತ್ತೇ ತಿದ್ದಿದ್ದೆ. ರೈಲು ಓಡುತ್ತಿದೆ, ಹಳಿಯ ಮೇಲೆ ಹೋಗಬೇಡಿ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆ.

ಅದನ್ನೇ ಅವರಿಗೆ ಹೇಳಿದೆ. ಹೇಳುವಾಗ ನನ್ನ ದನಿ ಸ್ವಲ್ಪ ಗಡುಸಾಗಿಯೇ ಇತ್ತು. ಕಂಪ್ಯೂಟರ್ ಅವರ ಕಡೆ ತಿರುಗಿಸಿ ಪುಟ ತೆಗೆದು ತೋರಿಸಿದೆ. ನೋಡಿ, ದಪ್ಪ ಅಕ್ಷರ.

ಅವರು ಪರದೆಯನ್ನು ನೋಡಿದರು, ಕಾಗದವನ್ನು ನೋಡಿದರು. "ಹಂಗಾರೆ ನಮ್ಮ ಹುಡುಗ ಸುಳ್ಳು ಓದಿದ್ನಾ?" ಎಂದರು. ಆಮೇಲೆ ಕಾಗದದ ತೀರಾ ಅಡಿಯಲ್ಲಿ, ಪ್ರಿಂಟ್ ತೆಗೆದಾಗ ಬ್ರೌಸರ್ ತಾನಾಗಿಯೇ ಹಾಕುವ ಆ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನ ಹೊಡೀರಿ."

ಅವರು ಒಂದೊಂದೇ ಅಕ್ಷರ ಓದಿದರು. "ಇಲ್ಲೊಂದು ಓರೆಗೆರೆ, ಇಲ್ಲೊಂದು ಅಡ್ಡಗೆರೆ" ಎಂದು ಹೇಳಿದರು. ನಾನು ಹೊಡೆದೆ. ಪುಟ ತೆರೆಯಿತು. ಈ ಹಳಿಗಳ ಮೇಲೆ ಈಗ ಯಾವ ರೈಲೂ ಓಡುವುದಿಲ್ಲ.

ಮತ್ತೊಮ್ಮೆ ಹೊಡೆದೆ. ಅದೇ ಬಂತು.

ಅವತ್ತು ಸಂಜೆಯವರೆಗೆ ಅಂಗಡಿಗೆ ಬಂದವರನ್ನೆಲ್ಲಾ ನಾಳೆ ಬನ್ನಿ ಎಂದು ಕಳಿಸಿ, ಸರ್ವರಿನ ಒಂದೊಂದು ಫೋಲ್ಡರನ್ನೂ ತೆರೆದು ನೋಡಿದೆ. ಟೈಲರ್ ಪಕ್ಕದಲ್ಲೇ ಕೂತಿದ್ದರು. ಕೊನೆಗೆ ಸಿಕ್ಕಿತು. ಸೈಟು ಕಟ್ಟಿದವರು ಮೊದಲು ಪ್ರತಿ ಪುಟದಲ್ಲೂ 'ಪ್ರಿಂಟ್ ತೆಗೆಯಿರಿ' ಎಂಬ ಬಟನ್ ಇಟ್ಟಿದ್ದರು. ಅದಕ್ಕಾಗಿ ಪ್ರತಿ ಪುಟದ ಒಂದು ನಕಲನ್ನು ಬೇರೆ ಫೋಲ್ಡರಿನಲ್ಲಿ, ಬೇರೆ ಫೈಲಾಗಿ ಇಟ್ಟಿದ್ದರು. ಆಮೇಲೆ ಬಟನ್ ತೆಗೆದರು. ಫೈಲುಗಳನ್ನು ಹಾಗೇ ಬಿಟ್ಟರು. ಸೈಟು ನನಗೆ ವಹಿಸುವಾಗ ಆ ಫೋಲ್ಡರಿನ ಮಾತೇ ಎತ್ತಿರಲಿಲ್ಲ. ಅವರನ್ನು ಮನಸ್ಸಿಗೆ ಬಂದಂತೆ ಬೈದುಕೊಂಡೆ. ಬೈದರೆ ಏನು ಬಂತು?

ಆದರೆ ನನಗೆ ಅರ್ಥವಾಗದಿದ್ದದ್ದು ಇನ್ನೊಂದು. ಬಟನ್ನೇ ಇಲ್ಲದ ಮೇಲೆ ಆ ಹುಡುಗನಿಗೆ ಈ ನಕಲು ಸಿಕ್ಕಿದ್ದು ಹೇಗೆ? ಸರ್ಚ್ ಎಂಜಿನ್ನಿನಲ್ಲಿ 'ಸಕಲೇಶಪುರ ರೈಲು ಹಳಿ ಚಾರಣ' ಎಂದು ಇಂಗ್ಲಿಷಿನಲ್ಲಿ ಹಾಕಿದೆ. ಎಲ್ಲಕ್ಕಿಂತ ಮೇಲೆ, ಮೊದಲನೆಯದಾಗಿ ಬಂದದ್ದು ಆ ನಕಲು. ನಾನು ತಿದ್ದಿದ ಪುಟ ಎಲ್ಲಿದೆ ಎಂದು ಹುಡುಕುತ್ತಾ ಹೋದೆ. ಮೊದಲ ಪುಟದಲ್ಲಿಲ್ಲ, ಎರಡನೆಯದರಲ್ಲಿಲ್ಲ. ಹುಡುಕಿ ಸುಸ್ತಾಯಿತು.

ವಿಳಾಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ನಕಲಿನ ವಿಳಾಸ ಚಿಕ್ಕದು. ಸೈಟಿನ ಹೆಸರು, ಓರೆಗೆರೆ, ಆಮೇಲೆ ರೈಲು, ಹಳಿ, ಚಾರಣ ಎಂಬ ಪದಗಳು ಅಡ್ಡಗೆರೆಯಿಂದ ಬಿಡಿಬಿಡಿಯಾಗಿ. ಜನ ಏನು ಹುಡುಕುತ್ತಾರೋ ಅದೇ ಪದಗಳು. ಮನುಷ್ಯನೂ ಓದಬಹುದು, ಯಂತ್ರವೂ ಓದಬಹುದು. ನಾನು ತಿದ್ದಿದ ಪುಟದ ವಿಳಾಸವೋ ಒಂದೂವರೆ ಸಾಲಿನದು. ಪ್ರಶ್ನಾರ್ಥಕ ಚಿಹ್ನೆ, ಪುಟದ ನಂಬರು, ಭಾಷೆಯ ನಂಬರು, ಕೊನೆಯಲ್ಲಿ ಸೆಷನ್ ನಂಬರು ಎಂದು ಒಂದು ಉದ್ದನೆಯ ಬಾಲ. ಆ ಬಾಲ ಒಬ್ಬೊಬ್ಬರು ಬಂದಾಗಲೂ ಬದಲಾಗುತ್ತಿತ್ತು. ಸರ್ಚ್ ಎಂಜಿನ್ನಿನ ಯಂತ್ರ ಇವತ್ತು ಬಂದರೆ ಒಂದು ವಿಳಾಸ, ನಾಳೆ ಬಂದರೆ ಇನ್ನೊಂದು. ಬಂದಾಗಲೆಲ್ಲಾ ಅದಕ್ಕೆ ಹೊಸ ಪುಟವೇ. ದಿನಕ್ಕೊಂದು ಹೆಸರು ಹೇಳುವವನನ್ನು ಊರಲ್ಲಿ ಯಾರು ನಂಬುತ್ತಾರೆ? ಅದೂ ನಂಬಲಿಲ್ಲ. ನಿಜ ಹೇಳುತ್ತಿದ್ದ ಪುಟವನ್ನು ಕೆಳಗೆ ತಳ್ಳಿ, ಹಳಸಿದ ನಕಲನ್ನು ಮೇಲೆ ಕೂರಿಸಿತ್ತು. ಸಾಲದ್ದಕ್ಕೆ ಚಾರಣದ ಹುಚ್ಚಿನವರು ತಮ್ಮ ತಮ್ಮ ಬ್ಲಾಗುಗಳಲ್ಲಿ ಕೊಂಡಿ ಕೊಟ್ಟಿದ್ದದ್ದೂ ಆ ಚಿಕ್ಕ ವಿಳಾಸಕ್ಕೇ. ಬರೆದುಕೊಳ್ಳಲು ಸುಲಭ ನೋಡಿ. ಹೆಚ್ಚು ಜನ ಕೊಂಡಿ ಕೊಟ್ಟಷ್ಟೂ ಯಂತ್ರ ಆ ಪುಟವನ್ನು ಮೇಲೆ ಕೂರಿಸುತ್ತದೆ.

ಇದನ್ನೆಲ್ಲಾ ಟೈಲರಿಗೆ ಹೇಗೆ ಹೇಳುವುದು? ಹೇಳಿದೆ, ತಿಳಿದಷ್ಟು ಸರಳವಾಗಿ. ಅವರು ಕೇಳಿಸಿಕೊಂಡು, "ನೀವು ತಿದ್ದಿದ್ರಿ. ಅದು ಅವ್ನಿಗೆ ಕಾಣ್ಲಿಲ್ಲ" ಎಂದರು. ಅಷ್ಟೇ. ನನಗೆ ಅಳು ಬಂತು. ಎದ್ದು ಮಿಷನ್ನಿಗೆ ಕಾಗದ ತುಂಬುವ ನೆಪ ಮಾಡಿದೆ.

ಗೌಡರಿಗೆ ಫೋನ್ ಮಾಡಿದೆ. "ಅಳಿಸಾಕಮ್ಮ, ಈಗ್ಲೇ ಅಳಿಸಾಕು" ಎಂದರು. ಟೈಲರ್ ನೋಡುತ್ತಿದ್ದ ಹಾಗೇ ಆ ಫೈಲನ್ನು ಅಳಿಸಿದೆ. ಮತ್ತೆ ವಿಳಾಸ ಹೊಡೆದಾಗ, ಇಂಥ ಪುಟ ಇಲ್ಲ ಎಂದು ಬಂತು. ಅವರು ಕಾಗದವನ್ನು ಮಡಚಿ ಕವರಿಗೆ ಹಾಕಿಕೊಂಡು, ನನಗೆ ಕೈ ಮುಗಿದು, ಅರಸೀಕೆರೆ ಬಸ್ಸಿಗೆ ಹೋದರು.

ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಸ್ವಲ್ಪ ದಿನ ಕಳೆದ ಮೇಲೆ ಟೈಲರ್ ಫೋನ್ ಮಾಡಿದರು. ಅವರ ಊರಿನ ಸೈಬರ್ ಸೆಂಟರಿನಿಂದ. "ಮೇಡಂ, ಅದು ಹೋಗಿಲ್ಲ. ಬ್ಯಾರೆ ಕಡೆ ಬಂದೈತೆ."

ಹುಡುಕಿ ನೋಡಿದೆ. ಗೌಡರ ಸೈಟು ಮೊದಲ ಜಾಗದಿಂದ ಹೋಗಿತ್ತು. ಆ ಜಾಗದಲ್ಲಿ ಪ್ರವಾಸದ ಯಾವುದೋ ದೊಡ್ಡ ಸೈಟು ಬಂದು ಕೂತಿತ್ತು. ಅದರಲ್ಲಿದ್ದದ್ದು ನಮ್ಮ ಹಳೆಯ ಪುಟವೇ. ಗೌಡರ ಮನೆಯ ಹೆಸರೊಂದನ್ನು ತೆಗೆದು, ಮಿಕ್ಕದ್ದೆಲ್ಲಾ ಪದಕ್ಕೆ ಪದ ಎತ್ತಿಕೊಂಡಿದ್ದರು. ಯಾವ ರೈಲೂ ಓಡುವುದಿಲ್ಲ. ನಿಶ್ಚಿಂತೆಯಿಂದ ದಾಟಬಹುದು. ಅದರ ವಿಳಾಸವೂ ಚಿಕ್ಕದು, ಚೊಕ್ಕದು, ರೈಲು ಅಡ್ಡಗೆರೆ ಹಳಿ ಅಡ್ಡಗೆರೆ ಚಾರಣ. ಇದುವರೆಗೆ ನಮ್ಮ ನಕಲಿನ ಕೆಳಗೆ ಎರಡನೆಯದಾಗಿ ಕೂತಿದ್ದದ್ದು, ನಾವು ಎದ್ದ ಕೂಡಲೇ ಮೇಲೆ ಸರಿದಿತ್ತು. ಆ ಸೈಟಿನವರಿಗೆ ಮೇಲ್ ಬರೆದೆ. ಉತ್ತರ ಇಲ್ಲ. ಒಬ್ಬ ಸತ್ತಿದ್ದಾನೆ ಎಂದು ಬರೆದೆ. ಉತ್ತರ ಇಲ್ಲ. ಬಂಡೆಗೆ ಹಣೆ ಚಚ್ಚಿಕೊಂಡ ಹಾಗಾಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಾನು ಮಾಡಿದ್ದು ಅದಕ್ಕಿಂತಲೂ ಕಡೆ. ಬಾಗಿಲು ಹಾಕಿ ಕೀಲಿಯನ್ನು ಕೊಳ್ಳೆ ಹೊಡೆಯುವವರ ಕೈಗೇ ಕೊಟ್ಟಿದ್ದೆ.

ಅದರ ಬೆನ್ನಿಗೇ ಗೌಡರ ಫೋನ್ ಬಂತು. ಒಂದು ಗುಂಪು ಬಂದು ರೂಮು ಕೇಳಿತ್ತಂತೆ, ಬೆಳಗ್ಗೆ ಹಳಿಗೆ ಹೋಗಬೇಕು ಎಂದಿತ್ತಂತೆ. ಗೌಡರು ಗದರಿ ಕಳಿಸಿದ್ದರು. ಅವರು ಪೇಟೆಯಲ್ಲಿ ಲಾಡ್ಜು ಹಿಡಿದು ಮಾರನೆಯ ದಿನ ಹೋಗಿಯೇ ಬಿಟ್ಟರಂತೆ. ಏನೂ ಆಗದೆ ವಾಪಸು ಬಂದದ್ದು ಅವರ ಪುಣ್ಯ.

ಆ ಫೋನ್ ಬಂದ ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ದೋಣಿಗಲ್ಲಿಗೆ ಹೋದೆ. ಕಾಫಿ ಹಣ್ಣು ಕುಯ್ಯುವ ಕಾಲ. ಕಣದ ತುಂಬಾ ಕಾಫಿ ಹರವಿತ್ತು. ಗೌಡರು ಜಗಲಿಯಲ್ಲಿ ಕೂತು ತೋಟದ ಲೆಕ್ಕ ನೋಡುವ ರೈಟರಿಗೆ ಏನೋ ಹೇಳುತ್ತಿದ್ದರು. ನನ್ನನ್ನು ಕಂಡು ಅವನನ್ನು ಕಳಿಸಿದರು. ಗೌಡರ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ, ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತರು. ಆ ಸಾವಾದ ಮೇಲೆ ಅಕ್ಕ ಸೊರಗಿ ಹೋಗಿದ್ದರು.

"ಸೈಟೇ ತೆಗ್ದಾಕಮ್ಮ" ಎಂದರು ಗೌಡರು. "ಇಡೀ ಸೈಟು. ಹೋಮ್‌ಸ್ಟೇನೂ ಬ್ಯಾಡ, ಏನೂ ಬ್ಯಾಡ. ಈ ಮನೆ ಹೆಸ್ರು ಇನ್ಮ್ಯಾಲೆ ಎಲ್ಲೂ ಕಾಣಬಾರ್ದು."

"ತೆಗೆದ್ರೆ ಆಗೋದು ಅದೇ ಗೌಡ್ರೇ. ಮೊನ್ನೆ ತೆಗೆದು ನೋಡಿದ್ವಲ್ಲ. ಜನ ಹುಡುಕೋದು ನಿಲ್ಲಿಸಲ್ಲ, ಇನ್ನೊಬ್ಬರ ಹತ್ರ ಹೋಗ್ತಾರೆ."

"ಮತ್ತೆ ಏನು ಮಾಡಾನ ಅಂತೀಯ?"

ಬಸ್ಸಿನಲ್ಲಿ ಬರುತ್ತಾ ಅದನ್ನೇ ಯೋಚಿಸಿದ್ದೆ. ನನ್ನೂರು ಬೆಳಗೋಡಿನ ಕಡೆ ಆನೆ ಇಳಿಯುವ ಜಾಗಕ್ಕೆ ಒಬ್ಬರು ಕಂದಕ ತೋಡಿಸಿದ್ದರು. ಆನೆ ಬರುವುದು ಬಿಡಲಿಲ್ಲ. ಪಕ್ಕದವರ ಗದ್ದೆಯಲ್ಲಿ ಇಳಿಯಿತು. ಬೈಗುಳ, ಪಂಚಾಯ್ತಿ ಎಲ್ಲಾ ಆದ ಮೇಲೆ ಕಂದಕಕ್ಕೆ ಮಣ್ಣು ಎಳೆದು ಮುಚ್ಚಿ, ಆನೆಯ ಹಳೇ ದಾರಿಯ ಬಾಯಲ್ಲೇ ಅಟ್ಟಣೆ ಕಟ್ಟಿ ಕಾವಲು ಕೂತರು. ದಾರಿ ಮುಚ್ಚಿದರೆ ಕಣ್ಣಿಗೆ ಬೀಳದ ಕಡೆ ಹೊಸ ದಾರಿ ಬೀಳುತ್ತದೆ. ತೆರೆದಿಟ್ಟರೆ ಬರುವವರು ಕಣ್ಣೆದುರೇ ಬರುತ್ತಾರೆ.

"ಅಳಿಸಿದ ವಿಳಾಸನ ವಾಪಸ್ ತರ್ತೀನಿ" ಎಂದೆ. "ಅಕ್ಷರ ಒಂದೂ ಬದಲಾಯಿಸಲ್ಲ. ಬ್ಲಾಗಿನವರೆಲ್ಲಾ ಕೊಂಡಿ ಕೊಟ್ಟಿರೋದು ಅದಕ್ಕೇ, ಆ ಬಲ ಇನ್ನೂ ಅದಕ್ಕೈತೆ. ತಲೆಬರಹನೂ ಅದೇ ಇರಲಿ, ರೈಲು ಹಳಿ ಚಾರಣ. ಆದ್ರೆ ಒಳಗೆ ಇರೋದು, ಹೋಗಬೇಡಿ, ಇಲ್ಲಿ ಹುಡುಗ ಸತ್ತಿದ್ದಾನೆ ಅಂತ."

ಗೌಡರು ಎದ್ದು ನಿಂತರು. "ಏನ್ ಮಾತಾಡ್ತೀಯ ಮಾರಾಯ್ತಿ! ಸತ್ತೋದ ವಿಷ್ಯನ ನನ್ನ ಮನೆ ಬಾಗ್ಲಿಗೆ ಬೋರ್ಡ್ ಬರ್ಸಿ ನೇತಾಕ್ಲಾ? ಅವ್ನು ನನ್ನ ಮನೇಲಿ ಉಳ್ಕೊಂಡಿದ್ದ ಅಂತ ಊರಿಗೆಲ್ಲಾ ಸಾರ್ಲಾ? ನಾನೇನು ತಪ್ಪು ಮಾಡಿದೀನಿ? ಮೊದ್ಲೇ ತಿದ್ದು ಅಂದಿರ್ಲಿಲ್ವಾ ನಿಂಗೆ?"

"ಅಂದಿದ್ರಿ. ತಿದ್ದಿದ್ದೆ."

"ಮತ್ತೆ?"

ಆಗ ಅಕ್ಕ ಬಾಗಿಲ ಹತ್ತಿರದಿಂದಲೇ ಮಾತಾಡಿದರು. ಅಷ್ಟು ದಿನ ಗಂಡನಿಗೂ ಹೇಳಿರದ ಮಾತು ಅದು ಎಂದು ಗೌಡರ ಮುಖ ನೋಡಿದಾಗ ನನಗೆ ಗೊತ್ತಾಯಿತು.

"ನಾನು ಹೇಳ್ದೆ ಆ ಹುಡುಗ್ರಿಗೆ. ಬೆಳಗ್ಗೆ ನೀವು ತೋಟಕ್ಕೆ ಹೋಗಿದ್ರಿ. ಗೂಡ್ಸ್ ಓಡ್ತೈತೆ ಕಣ್ರಪ್ಪಾ, ಹಳಿ ಕಡೆ ಹೋಗ್ಬ್ಯಾಡಿ, ಬಿಸಿಲೆ ಘಾಟಿ ಕಡೆ ಹೋಗಿ ನೋಡ್ಕೊಂಡು ಬನ್ನಿ ಅಂದೆ. ಆ ಹುಡುಗ ನಗ್ತಾ ಒಂದು ಕಾಗ್ದ ತೋರಿಸ್ದ. ಆಂಟಿ, ನಿಮ್ಮನೆ ವೆಬ್‌ಸೈಟಲ್ಲೇ ಓಡಲ್ಲ ಅಂತ ಬರ್ದೈತಲ್ಲ, ನೋಡಿ ಅಂದ. ನನಗೆ ಇಂಗ್ಲಿಷ್ ಬರ್ತೈತಾ? ನಮ್ಮನೆ ಹೆಸ್ರು ಇತ್ತು, ನಮ್ಮನೆ ಫೋಟೋ ಇತ್ತು. ಇರ್ಬೌದೇನೋ, ಇವ್ರು ಏನಾರ ವಿಚಾರ್ಸಿ ಹಾಕ್ಸಿರ್ಬೌದು, ನಂಗೇನು ಗೊತ್ತಾಯ್ತದೆ ಅಂತ ಸುಮ್ನಾದೆ. ರೊಟ್ಟಿ ಕಟ್ಟಿಕೊಟ್ಟೆ." ಸೆರಗಿನಿಂದ ಬಾಯಿ ಒತ್ತಿಕೊಂಡರು. "ನನ್ನ ಬಾಯ್ ಮಾತನ್ನ ನನ್ನ ಮನೆ ಕಾಗ್ದನೇ ಸುಳ್ಳು ಮಾಡ್ತು. ಬೋರ್ಡ್ ಹಾಕ್ಸಿ. ನಮ್ಮನೆ ಹೆಸ್ರಲ್ಲೇ ಹಾಕ್ಸಿ."

ಗೌಡರು ಕಣಕ್ಕಿಳಿದು, ಆಳಿನ ಕೈಯಿಂದ ಹಲಗೆ ಇಸಿದುಕೊಂಡು ಕಾಫಿ ತಿರುವಲು ಶುರು ಮಾಡಿದರು. ನಾನು ಕಾಫಿ ಲೋಟ ಕೆಳಗಿಟ್ಟು ಹೊರಡುವಾಗ ನನ್ನ ಕಡೆ ನೋಡದೆಯೇ, "ಬರಿಯೋದು ಸರಿಯಾಗಿ ಬರಿ" ಎಂದರು.

ಬರೆಯುವುದು ಸುಲಭವಾಗಿರಲಿಲ್ಲ. ಸೇತುವೆ ಎಲ್ಲಿದೆ, ಸುರಂಗ ಎಷ್ಟು ಉದ್ದ ಎಂದೆಲ್ಲಾ ವಿವರಿಸಿದರೆ, ಎಚ್ಚರಿಕೆಯನ್ನೇ ದಾರಿ ತೋರುವ ನಕ್ಷೆ ಮಾಡಿಕೊಳ್ಳುವ ಜನ ಇದ್ದಾರೆ. ಏನೂ ಬರೆಯದಿದ್ದರೆ ಯಂತ್ರ ಅದನ್ನು ಮೇಲೆ ಕೂರಿಸುವುದಿಲ್ಲ. ಜನ ಹುಡುಕುವ ಪದಗಳು ಇರಬೇಕು, ದಾರಿ ಇರಬಾರದು. ಹರಿದು ಹರಿದು ಬರೆದೆ. ಟೈಲರಿಗೆ ಫೋನ್ ಮಾಡಿ, ನಿಮ್ಮ ಮಗನ ವಿಷಯ ಬರೆಯಬಹುದೇ ಎಂದು ಕೇಳಿದೆ. "ಹೆಸ್ರು ಬ್ಯಾಡ. ಒಬ್ಬ ಹುಡುಗ ಅಂತ ಹಾಕಿ. ಕಾಗದ ನೋಡಿ ಬಂದಿದ್ದ ಅಂತ ಹಾಕಿ" ಎಂದರು. ಹಾಗೇ ಹಾಕಿದೆ. ಕಾಡು ಕಣಿವೆ ನೋಡಲೇಬೇಕು ಎನ್ನುವವರಿಗೆ ಬಿಸಿಲೆಯ ದಾರಿಯನ್ನು ಕೊನೆಗೆ ಸೇರಿಸಿದೆ.

ಆಮೇಲೆ ವಿಳಾಸಗಳ ಕೆಲಸ. ಪುಟ ಒಂದೇ ಆದರೂ ಅದಕ್ಕೆ ಬಾಗಿಲು ಹಲವು. ಹೆಸರಿನ ಮುಂದೆ ಮೂರು ಡಬ್ಲ್ಯೂ ಹಾಕಿದರೆ ಒಂದು, ಹಾಕದಿದ್ದರೆ ಇನ್ನೊಂದು. ಸೆಷನ್ ಬಾಲ ಇದ್ದದ್ದು, ಇಲ್ಲದ್ದು. ನಮಗೆ ಒಂದೇ ಮನೆ, ಯಂತ್ರಕ್ಕೆ ಬೇರೆ ಬೇರೆ ಮನೆ. ಇದ್ದಬದ್ದ ಬಲವೆಲ್ಲಾ ಅಷ್ಟೂ ಕಡೆ ಹಂಚಿಹೋಗುತ್ತದೆ. ಅವೆಲ್ಲವನ್ನೂ ಒಂದೇ ವಿಳಾಸಕ್ಕೆ ಕಳಿಸಬೇಕು, ಅದೂ ಸುಮ್ಮನೆ ಕಳಿಸಿದರೆ ಸಾಲದು, ಈ ಪುಟ ಕಾಯಂ ಆಗಿ ಅಲ್ಲಿಗೇ ಹೋಗಿದೆ ಎಂದು ಸರ್ವರ್ ಹೇಳಬೇಕು. ಸರ್ವರಿನಲ್ಲಿ ಚುಕ್ಕೆಯಿಂದ ಹೆಸರು ಶುರುವಾಗುವ ಒಂದು ಸಣ್ಣ ಫೈಲಿದೆ. ಆ ಅಪ್ಪಣೆಗಳನ್ನು ಅದರಲ್ಲಿ ಬರೆಯಬೇಕು. ಒಂದು ಚಿಹ್ನೆ ಹೆಚ್ಚುಕಡಿಮೆಯಾದರೂ ಇಡೀ ಸೈಟು ಮಲಗುತ್ತದೆ.

ಮಲಗಿತು. ಎಲ್ಲವನ್ನೂ ಹೊಸ ಪುಟಕ್ಕೆ ಕಳಿಸು ಎಂದು ನಾನು ಬರೆದದ್ದರಲ್ಲಿ ಆ ಪುಟವೂ ಸೇರಿಹೋಗಿತ್ತು. ಅದು ತನ್ನನ್ನು ತನಗೇ ಕಳಿಸಿಕೊಳ್ಳುತ್ತಾ ಗಾಣದೆತ್ತಿನಂತೆ ಸುತ್ತತೊಡಗಿತು. ಬ್ರೌಸರ್ ಕೈ ಚೆಲ್ಲಿತು. ಸರಿ ಮಾಡೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕುಂಯ್ ಎಂದು ಎರಡು ಸಲ ಕೂಗಿ ಸತ್ತಿತು. ಕರೆಂಟು ಬರುವವರೆಗೆ ನಾನು ಕತ್ತಲೆ ಪರದೆಯ ಮುಂದೆ ಕೂತು ವಿದ್ಯುತ್ ಇಲಾಖೆಯ ಏಳು ತಲೆಮಾರನ್ನು ನೆನೆದೆ. ಕರೆಂಟು ಬಂದರೆ ನೆಟ್ ಬರಲಿಲ್ಲ. ಟೈಲರ್ ಫೋನ್ ಮಾಡಿ, "ಏನೂ ತೆರೀತಿಲ್ಲ ಮೇಡಂ" ಎಂದರು. "ಸ್ವಲ್ಪ ಇರ್ರೀ ಯಜಮಾನ್ರೇ!" ಎಂದು ರೇಗಿಬಿಟ್ಟೆ. ಆ ಕಡೆಯಿಂದ, "ಆಯ್ತು ಕಣವ್ವ, ಕಾಯ್ತೀನಿ" ಎಂದರು. ಕಾಯದೆ ಅವರಿಗೆ ಬೇರೆ ಏನಿತ್ತು? ನನ್ನ ನಾಲಿಗೆ ಕಚ್ಚಿಕೊಂಡೆ.

ಹೊಸ ಪುಟವನ್ನು ಬಿಟ್ಟು ಮಿಕ್ಕದ್ದನ್ನು ಕಳಿಸು ಎಂದು ತಿದ್ದಿ, ಸೆಷನ್ ಬಾಲವನ್ನು ವಿಳಾಸದಿಂದ ಕಿತ್ತು ಬಿಸಾಡಿ, ಒಂದೊಂದೇ ಬಾಗಿಲು ಬಡಿದು ನೋಡಿದೆ. ಎಲ್ಲಾ ದಾರಿಗಳೂ ಬಂದು ಆ ಒಂದೇ ಪುಟದ ಮುಂದೆ ನಿಂತವು. ಇನ್ನು ಯಂತ್ರ ಬರಬೇಕು, ನೋಡಬೇಕು, ನಂಬಬೇಕು. ಅದನ್ನು ಅವಸರ ಮಾಡಲು ಯಾರಿಂದಲೂ ಆಗುವುದಿಲ್ಲ. ಬ್ಲಾಗು ಬರೆದವರಿಗೆಲ್ಲಾ ಒಬ್ಬೊಬ್ಬರಿಗೆ ಮೇಲ್ ಹಾಕಿದೆ, ಆ ಕೊಂಡಿ ತೆಗೆಯಬೇಡಿ, ಹಾಗೇ ಇರಲಿ ಎಂದು. ಕೆಲವರು ಸತ್ತ ಹುಡುಗನ ವಿಷಯ ತಾವೂ ಬರೆದು ಇನ್ನೊಂದು ಕೊಂಡಿ ಕೊಟ್ಟರು. ಅವರಿಗೆ ನಾನು ಇವತ್ತಿಗೂ ಋಣಿ.

ದಿನಾ ಅಂಗಡಿ ತೆರೆದ ಕೂಡಲೇ ದೇವರಿಗೆ ಊದಿನಕಡ್ಡಿ ಹಚ್ಚುವ ಮೊದಲು ಆ ಪದಗಳನ್ನು ಹೊಡೆಯುವುದು ನನ್ನ ಅಭ್ಯಾಸವಾಯಿತು. ಮೊದಲು ಎಲ್ಲೂ ಇರಲಿಲ್ಲ. ಆಮೇಲೆ ಎರಡನೆಯ ಪುಟದ ಅಡಿಯಲ್ಲಿ ಕಂಡಿತು. ಮೇಲೇರಿತು, ಕೆಳಗಿಳಿಯಿತು, ಒಂದು ವಾರ ಮಾಯವೇ ಆಯಿತು. ಅಷ್ಟೂ ದಿನ ಆ ದೊಡ್ಡ ಸೈಟು ತಲೆಯ ಮೇಲೆ ಕೂತು, ನಿಶ್ಚಿಂತೆಯಿಂದ ದಾಟಬಹುದು ಎನ್ನುತ್ತಲೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಬೆನ್ನಿಗೆ ಚೀಲ ಹಾಕಿದ ಹುಡುಗರನ್ನು ಕಂಡರೆ ಯಾವ ಬಸ್ಸು ಹತ್ತುತ್ತಾರೆ ಎಂದು ನಿಂತು ನೋಡುತ್ತಿದ್ದೆ. ಒಂದು ಸಲ ಹೋಗಿ ಕೇಳಿಯೇಬಿಟ್ಟೆ, ಎಲ್ಲಿಗಪ್ಪಾ ಎಂದು. ಧರ್ಮಸ್ಥಳಕ್ಕೆ ಎಂದು ಗಾಬರಿಯಿಂದ ಹೇಳಿದರು.

ಕಾಫಿ ಹೂ ಬಿಡುವ ಹೊತ್ತಿಗೆ ನಮ್ಮ ಪುಟ ಮೊದಲಿಗೆ ಬಂತು. ಬಂದು ನಿಂತಿತು. ನಾನು ಹೇಳುವ ಮೊದಲೇ ಟೈಲರ್ ನೋಡಿದ್ದರು. ಫೋನ್ ಮಾಡಿ, "ಕಾಗದದ ಅಡಿ ಇರೋದನ್ನೇ ಹೊಡ್ದೆ ಕಣವ್ವ. ಅಕ್ಷರ ಅವೇ. ಈಗ ಹೋಗಬ್ಯಾಡ ಅಂತ ಬರ್ತೈತೆ" ಎಂದರು. "ಆಗ್ಲೇ ಹಿಂಗ್ ಬಂದಿದ್ರೆ" ಎಂದು ಶುರು ಮಾಡಿ ನಿಲ್ಲಿಸಿದರು.

ಎಲ್ಲಾ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪುಟ ಓದಿ ಗೌಡರ ಮನೆಗೇ ಬಂದು, ಆ ಸೇತುವೆ ಯಾವುದು ಎಂದು ಕೇಳಿದವರಿದ್ದರು. ಅಕ್ಕ ಅವರನ್ನು ಕೂರಿಸಿ ತಿಂಡಿ ಕೊಟ್ಟು, ಆ ಹುಡುಗ ಕೂತು ರೊಟ್ಟಿ ತಿಂದ ಬೆಂಚು ತೋರಿಸುತ್ತಿದ್ದರಂತೆ. "ಇಬ್ರು ವಾಪಸ್ ಹೋದ್ರು ಕಣೇ, ಇಬ್ರು ಹಳಿ ಕಡೆನೇ ಹೋದ್ರು" ಎಂದು ಒಮ್ಮೆ ನನಗೆ ಹೇಳಿದರು. ಹೋದವರು ತಿರುಗಿ ಬರುವವರೆಗೆ ಅವರು ಒಲೆ ಮುಂದೆ ಕೂತೇ ಇದ್ದರಂತೆ.

ರೂಮು ಹಿಡಿಯುವವರು ಕಡಿಮೆಯಾದರು. ಸತ್ತ ಹುಡುಗನ ಕಥೆ ಇರುವ ಮನೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಾರು ಬರುತ್ತಾರೆ? ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಗೌಡರು ಹೋಮ್‌ಸ್ಟೇ ಮುಚ್ಚಿದರು. ರೂಮುಗಳಲ್ಲಿ ಮತ್ತೆ ಗೊಬ್ಬರದ ಚೀಲ ತುಂಬಿದರು. ಸೈಟಿನ ಹೆಸರಿಗೆ ವರ್ಷದ ಹಣ ಕಟ್ಟಿ ಅದನ್ನು ನವೀಕರಿಸುವ ಸಮಯ ಬಂದಾಗ, "ಇನ್ನ್ಯಾಕಮ್ಮ ಅದು. ಬುಟ್ಬುಡು" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಕೈಲಾದದ್ದಕ್ಕಿಂತ ಹೆಚ್ಚು ಮಾಡಿದ್ದರು.

ಆದರೆ ಹೆಸರು ಹೋದರೆ ವಿಳಾಸ ಹೋಗುತ್ತದೆ. ವಿಳಾಸ ಹೋದರೆ ಮೊದಲ ಜಾಗ ಖಾಲಿ. ಎರಡನೆಯದು ಯಾವುದು ಎಂದು ನನಗೆ ಗೊತ್ತಿತ್ತು.

ಟೈಲರಿಗೆ ಹೇಳಿದೆ. ಅವರು ಮಾರನೆಯ ದಿನವೇ ಬಸ್ಸು ಹತ್ತಿ ಬಂದು ಅದೇ ಸ್ಟೂಲಿನ ಮೇಲೆ ಕೂತರು. "ನನ್ನ ಹೆಸ್ರಿಗೆ ಮಾಡಿಕೊಡಿ. ಎಲ್ಲೀವರ್ಗೆ ಇರ್ತೀನೋ ಅಲ್ಲೀವರ್ಗೆ ನಾನೇ ಕಟ್ತೀನಿ." ಗೌಡರು ಕೇಳಿದ ಕೂಡಲೇ ಬಿಟ್ಟುಕೊಟ್ಟರು.

ವರ್ಗಾವಣೆಯ ಕೆಲಸ ಮಾಡುತ್ತಾ ನನಗೆ ಒಂದು ಮಾತು ಕೇಳಬೇಕೆನಿಸಿತು. ಇನ್ನು ಮುಂದೆ ಇದು ಅವರದು. ಯಾರದೋ ಹೋಮ್‌ಸ್ಟೇಯ ಹೆಸರು ಯಾಕೆ? ಹೊಸ ಹೆಸರು ತೆಗೆದುಕೊಂಡು, ಹಳೆಯದನ್ನು ಅದಕ್ಕೆ ಕಳಿಸಿದರೆ ಸ್ವಲ್ಪ ಬಲ ಕಡಿಮೆಯಾದೀತು, ಕಾದರೆ ಬಂದೀತು. "ನಿಮ್ಮ ಮಗನ ಹೆಸರು ಇಡೋಣ್ವಾ? ವಿಳಾಸದಲ್ಲಿ ಅವನ ಹೆಸರು ಇರುತ್ತೆ" ಎಂದೆ.

ಅವರು ಚೀಲದಿಂದ ಆ ಪ್ಲಾಸ್ಟಿಕ್ ಕವರು ತೆಗೆದು, ಕಾಗದದ ಅಡಿಯ ಸಾಲನ್ನು ಒಂದು ಸಲ ನೋಡಿದರು. ಅಕ್ಷರಗಳು ಆಗಲೇ ಮಾಸಿದ್ದವು.

"ಬ್ಯಾಡ ಕಣವ್ವ. ನನ್ನ ಮಗನ ಹೆಸ್ರು ಯಾರು ಹುಡುಕ್ತಾರೆ? ದಾರಿ ಹುಡುಕ್ತಾರೆ. ದಾರಿ ಹೆಸ್ರೇ ಇರ್ಲಿ."

ಹಾಗೇ ಬಿಟ್ಟೆ. ಮಾಲೀಕರ ಹೆಸರು ಎಂಬ ಕಡೆ ಅವರ ಹೆಸರು ತುಂಬಿಸಿ ಒತ್ತಿದೆ. ಈಗಲೂ ಅವರು ಆಗಾಗ ಫೋನ್ ಮಾಡುತ್ತಾರೆ. ಊಟ ಆಯ್ತಾ ಎಂದು ಕೇಳುವುದಿಲ್ಲ, ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ.

"ಮ್ಯಾಲೇ ಐತಾ ಕಣವ್ವ?" ಎನ್ನುತ್ತಾರೆ.

ನಾನು ಹುಡುಕಿ ನೋಡಿ, ಇದೆ ಎನ್ನುತ್ತೇನೆ.